ಗೆಳೆತನವೇ, ಒಳಸಂಚೇ: ರಿಂಗ್ ರಸ್ತೆ ಕೊಲೆ ಪ್ರಕರಣ

2003ರ ಡಿಸೆಂಬರ್ 3ರ ರಾತ್ರಿ ಬೆಂಗಳೂರಿನ ಒಳ ವರ್ತುಲ ರಸ್ತೆಯ ಬದಿಯಲ್ಲಿ ಬಿ. ವಿ. ಗಿರೀಶ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ತಲೆಗೆ ಪೆಟ್ಟು ಬಿದ್ದು ಕುಸಿದರು. ಮರುದಿನ ಮಣಿಪಾಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ 27 ವರ್ಷ. ಇಂಟೆಲ್ ಕಂಪನಿಯಲ್ಲಿ ಕೆಲಸ, ಬನಶಂಕರಿ ಎರಡನೇ ಹಂತದಲ್ಲಿ ಮನೆ. ಹಲ್ಲೆಗೆ ಮೂರು ದಿನ ಮೊದಲು, ನವೆಂಬರ್ 30ರಂದು, ಅವರ ನಿಶ್ಚಿತಾರ್ಥ ನಡೆದಿತ್ತು. ಎರಡು ತಿಂಗಳು ತುಂಬುವುದರೊಳಗೆ ಪೊಲೀಸರು ನಾಲ್ವರನ್ನು ಬಂಧಿಸಿದರು. ಒಬ್ಬಳು ಗಿರೀಶ್‌ ಮದುವೆಯಾಗಬೇಕಿದ್ದ ಶುಭಾ, ಇನ್ನೊಬ್ಬ ಆಕೆಯ ಕಾಲೇಜಿನ ಗೆಳೆಯ ಅರುಣ್ ವರ್ಮ. ಉಳಿದಿಬ್ಬರು, ವೆಂಕಟೇಶ್ ಮತ್ತು ದಿನೇಶ್, ಅರುಣ್ ಕಡೆಯವರು. ಅಲ್ಲಿಂದ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪಿನವರೆಗೆ ಸುಮಾರು 22 ವರ್ಷ ಹಿಡಿಯಿತು.

ಪತ್ರಿಕೆಗಳು ಇದನ್ನು ‘ರಿಂಗ್ ರೋಡ್ ಕೊಲೆ’ ಎಂದವು, ಸ್ವಲ್ಪ ಕಾಲದಲ್ಲೇ ‘ರಿಂಗ್ ರೋಡ್ ಶುಭಾ ಪ್ರಕರಣ’ ಎಂದವು. ಸತ್ತವನ ಹೆಸರು ಹೀಗೆ ಶೀರ್ಷಿಕೆಯಿಂದ ಜಾರಿಹೋಯಿತು. ಹೆಣ್ಣೊಬ್ಬಳು ಆರೋಪಿಯಾದ ಪ್ರಕರಣಗಳಲ್ಲಿ ಇದು ಮತ್ತೆ ಮತ್ತೆ ಆಗುವಂಥದ್ದೇ. ಆದರೆ ಮೊಕದ್ದಮೆಯನ್ನು ನ್ಯಾಯಾಲಯದ ಒಳಗಿನಿಂದ ನೋಡಿದರೆ ಶುಭಾಳೊಬ್ಬಳ ಕಥೆಗಿಂತ ಭಿನ್ನವಾದ ಪ್ರಶ್ನೆಯೊಂದು ಅದರ ನಡುವೆ ಕೂತಿರುವುದು ಕಾಣುತ್ತದೆ. ನಾಲ್ವರು ಒಬ್ಬರಿಗೊಬ್ಬರು ಪರಿಚಿತರು, ದಿನವೂ ಫೋನಿನಲ್ಲಿ ಮಾತಾಡುವವರು. ಅವರ ಒಡನಾಟ ಎಲ್ಲಿಯವರೆಗೆ ಬರಿಯ ಗೆಳೆತನ, ಎಲ್ಲಿಂದಾಚೆ ಒಳಸಂಚು? ವಿಚಾರಣಾ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್ ಮೂರೂ ಈ ಪ್ರಶ್ನೆಗೆ ಉತ್ತರಿಸಬೇಕಾಯಿತು.

ಕೊಲೆ ನಡೆದ ಜಾಗ ಊರಿನ ಪೂರ್ವಕ್ಕಿದೆ, ಪ್ರಕರಣ ಹುಟ್ಟಿದ್ದು ದಕ್ಷಿಣದಲ್ಲಿ. 1948ರಲ್ಲಿ ಜಯನಗರಕ್ಕೆ ಅಡಿಪಾಯ ಬಿದ್ದ ಮೇಲೆ ಲಾಲ್‌ಬಾಗಿನ ದಕ್ಷಿಣಕ್ಕೆ ಬಡಾವಣೆಯ ಹಿಂದೆ ಬಡಾವಣೆ ಬೆಳೆಯಿತು. ಬನಶಂಕರಿ ಮತ್ತು ಜೆ.ಪಿ. ನಗರ ಹಂತ ಹಂತವಾಗಿ ಎದ್ದವು. ನಿವೇಶನ ಪಡೆದವರಲ್ಲಿ ಬ್ಯಾಂಕು, ಸರ್ಕಾರಿ ಕಚೇರಿ, ಸಾರ್ವಜನಿಕ ಉದ್ದಿಮೆಗಳ ನೌಕರರೂ ಮೇಷ್ಟ್ರುಗಳೂ ವಕೀಲರೂ ದಂಡಿಯಾಗಿದ್ದರು. 2003ರ ಹೊತ್ತಿಗೆ ಅಲ್ಲಿನ ಎರಡನೇ ತಲೆಮಾರು ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕಂಪನಿಗಳನ್ನು ಸೇರಿತ್ತು. ಮಗ ಅಥವಾ ಅಳಿಯ ಇಂಥ ಕಂಪನಿಯಲ್ಲಿ ಇದ್ದಾನೆ ಎನ್ನುವುದಕ್ಕೆ ಬೀದಿಯಲ್ಲಿ ಒಂದು ತೂಕವಿತ್ತು.

ಗಿರೀಶ್ ಮತ್ತು ಶುಭಾ ಅವರ ಮನೆಗಳು ನೆರೆಹೊರೆಯವು. ಎರಡು ಕುಟುಂಬಗಳಿಗೂ ಮೊದಲಿನಿಂದ ಪರಿಚಯವಿತ್ತು. ವಕೀಲರ ಮಗಳಾದ ಶುಭಾ ಬಸವನಗುಡಿ ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಕಾನೂನು ಕಾಲೇಜಿನ ವಿದ್ಯಾರ್ಥಿನಿ. ಹಿರಿಯರ ಕಣ್ಣಲ್ಲಿ ಇದು ಯಾವ ಕಡೆಯಿಂದಲೂ ತಕರಾರಿಲ್ಲದ ಸಂಬಂಧ: ನೋಡಿದ ಹುಡುಗ, ತಿಳಿದ ಮನೆತನ, ಒಳ್ಳೆಯ ಕೆಲಸ. ಹುಡುಗಿಗೆ ಈ ಮದುವೆ ಬೇಡವಾಗಿತ್ತು, ಆಕೆಯ ಮನಸ್ಸು ಅರುಣ್ ವರ್ಮನ ಕಡೆಗಿತ್ತು ಎಂಬುದು ಪ್ರಾಸಿಕ್ಯೂಷನ್ ವಾದದ ಬುಡ. ಅರುಣ್ ಆಕೆಗಿಂತ ಕಿರಿಯ, ಇನ್ನೂ ಹತ್ತೊಂಬತ್ತರ ಆಸುಪಾಸಿನ ಹುಡುಗ. ಬೇಡವೆಂಬ ಮಾತು ನಿಶ್ಚಿತಾರ್ಥವನ್ನು ತಡೆಯುವಷ್ಟು ಗಟ್ಟಿಯಾಗಿ ಹೊರಬರಲಿಲ್ಲ, ಅಥವಾ ಬಂದರೂ ಯಾರೂ ಕಿವಿಗೊಡಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಇಪ್ಪತ್ತೆರಡು ವರ್ಷಗಳ ಬಳಿಕ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಮುಖ್ಯವಾಯಿತು.

ಡಿಸೆಂಬರ್ 3ರಂದು ಗಿರೀಶ್ ಮತ್ತು ಶುಭಾ ರಾತ್ರಿಯ ಊಟಕ್ಕೆ ಹೊರಗೆ ಹೋದರು. ವಿಮಾನ ನಿಲ್ದಾಣ ಆಗ ಎಚ್.ಎ.ಎಲ್.ನಲ್ಲೇ ಇತ್ತು. ದೇವನಹಳ್ಳಿಯ ಹೊಸ ನಿಲ್ದಾಣ ಆರಂಭವಾಗಿದ್ದು 2008ರಲ್ಲಿ. ಕೋರಮಂಗಲದಿಂದ ದೊಮ್ಮಲೂರಿನತ್ತ ಹೋಗುವ ಒಳ ವರ್ತುಲ ರಸ್ತೆಯಲ್ಲಿ, ಇಳಿಯುವ ವಿಮಾನಗಳು ತಲೆಯ ಮೇಲೆ ತೀರ ಹತ್ತಿರದಲ್ಲಿ ಹಾದುಹೋಗುವ ಒಂದು ತಾಣವಿತ್ತು. ಜನ ಅದನ್ನು ‘ಏರ್ ವ್ಯೂ ಪಾಯಿಂಟ್’ ಎನ್ನುತ್ತಿದ್ದರು. ಸಂಜೆ ಹೊತ್ತು ಸ್ಕೂಟರು, ಬೈಕು, ಕಾರುಗಳನ್ನು ಬದಿಗೆ ಹಾಕಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ವಿಮಾನ ನೋಡುವುದು ಆ ಕಾಲದ ಬೆಂಗಳೂರಿಗರಿಗೆ ಖರ್ಚಿಲ್ಲದ ಮನರಂಜನೆ. ರಾತ್ರಿ ಮಾತ್ರ ಆ ರಸ್ತೆಯಲ್ಲಿ ಬೆಳಕು ಕಡಿಮೆ, ಪಕ್ಕದಲ್ಲೆಲ್ಲ ಸೇನೆಗೆ ಸೇರಿದ ಖಾಲಿ ಜಾಗ.

ಊಟ ಮುಗಿಸಿ ಹಿಂದಿರುಗುವಾಗ ವಿಮಾನ ನೋಡೋಣವೆಂದು ಅಲ್ಲಿ ಗಾಡಿ ನಿಲ್ಲಿಸಲು ಹೇಳಿದವಳು ಶುಭಾ ಎಂದು ಪ್ರಾಸಿಕ್ಯೂಷನ್ ಮಂಡಿಸಿತು. ಗಿರೀಶ್ ಆಕಾಶದ ಕಡೆ ನೋಡುತ್ತ ನಿಂತಿದ್ದಾಗ ಹಿಂದಿನಿಂದ ಬಂದವನು ಲೋಹದ ಸಲಾಕೆಯಿಂದ ತಲೆಗೆ ಹೊಡೆದು ಪರಾರಿಯಾದ. ಯಾರೋ ಅಪರಿಚಿತರು ಹಲ್ಲೆ ಮಾಡಿದರೆಂಬುದು ಮೊದಲು ಹೊರಬಂದ ಮಾಹಿತಿ. ವಿವೇಕನಗರ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ನಗರದ ಒಂಟಿ ರಸ್ತೆಗಳಲ್ಲಿ ದರೋಡೆ ಹೊಸತೇನಲ್ಲವಾದ್ದರಿಂದ ಇದೂ ಅದೇ ಜಾತಿಯದೆಂದು ಮುಚ್ಚಿಹೋಗಬಹುದಿತ್ತು. ಆದರೆ ದರೋಡೆಗೆ ಬಂದವನು ಜೊತೆಗಿದ್ದ ಹೆಣ್ಣುಮಗಳನ್ನು ಮುಟ್ಟದೆ, ಗಂಡಸಿನ ತಲೆಗೆ ಒಂದೇ ಗುರಿಯಿಟ್ಟು ಓಡಿಹೋಗುವುದು ಲೆಕ್ಕಕ್ಕೆ ಸಿಗುವ ಸಂಗತಿಯಲ್ಲ. ತನಿಖೆ ನಿಧಾನವಾಗಿ ಮನೆಯ ಕಡೆಗೆ, ಅಂದರೆ ಬನಶಂಕರಿಯ ಕಡೆಗೆ ತಿರುಗಿತು.

ಇಲ್ಲಿ 2003 ಎಂಬ ಇಸವಿಗೆ ವಿಶೇಷ ಮಹತ್ವವಿದೆ. ಆ ವರ್ಷ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆ ಉಚಿತವಾಯಿತು. ಅದಕ್ಕೆ ಮೊದಲು ಕರೆ ಮಾಡಿದವನ ಜೊತೆ ಕರೆ ತೆಗೆದುಕೊಂಡವನೂ ದುಡ್ಡು ತೆರಬೇಕಿತ್ತು. ಅದೇ ವರ್ಷ ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಹ್ಯಾಂಡ್‌ಸೆಟ್ಟನ್ನೇ ಕೊಡತೊಡಗಿತು. ವ್ಯಾಪಾರಿಗಳ, ಅಧಿಕಾರಿಗಳ ಸೊಂಟದಲ್ಲಿದ್ದ ಮೊಬೈಲು ಕಾಲೇಜು ಹುಡುಗ ಹುಡುಗಿಯರ ಕೈಗೆ ಬಂದದ್ದು ಹೀಗೆ. ಮನೆಯ ಹಜಾರದ ಲ್ಯಾಂಡ್‌ಲೈನಿನಲ್ಲಿ ಎಲ್ಲರ ಎದುರು ಆಡಲಾಗದ ಮಾತನ್ನು ಮಹಡಿಯ ಮೇಲೆ ನಿಂತು ಆಡಬಹುದಿತ್ತು. ಅದೂ ಆಗದಿದ್ದರೆ ಎಸ್ಸೆಮ್ಮೆಸ್ ಇತ್ತು. ಮಾತು ಗುಟ್ಟಾಗಿ ಉಳಿಯುತ್ತದೆ, ನಿಜ. ಆದರೆ ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಮಾತಾಡಿದರೆಂಬ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿ ಬಿಲ್ಲಿಗಾಗಿ ದಾಖಲಾಗುತ್ತದೆ ಎಂಬುದನ್ನು ಆಗ ಬಹಳ ಜನ ಯೋಚಿಸಿರಲಿಲ್ಲ.

ಕರೆ ವಿವರ, ಪೊಲೀಸರ ಬಾಯಲ್ಲಿ ‘ಸಿಡಿಆರ್’, ಮಾತಿನ ಧ್ವನಿಮುದ್ರಣವಲ್ಲ. ಕರೆ ಮಾಡಿದ ಸಂಖ್ಯೆ, ಸ್ವೀಕರಿಸಿದ ಸಂಖ್ಯೆ, ಶುರುವಾದ ಸಮಯ, ನಡೆದ ಅವಧಿ, ಆ ಹೊತ್ತಿಗೆ ಫೋನು ಯಾವ ಟವರಿನ ವ್ಯಾಪ್ತಿಯಲ್ಲಿತ್ತು ಎಂಬಿಷ್ಟೇ ಅದರಲ್ಲಿರುತ್ತದೆ. ಅದರಿಂದ ಮಾತಿನ ವಿಷಯ ತಿಳಿಯುವುದಿಲ್ಲ, ಮಾತಿನ ವಿನ್ಯಾಸ ತಿಳಿಯುತ್ತದೆ. ಊಟಕ್ಕೆ ಹೊರಟ ದಿನ ಶುಭಾ ಮತ್ತು ಅರುಣ್ ನಡುವೆ ಕರೆಗಳೂ ಸಂದೇಶಗಳೂ ಸಾಮಾನ್ಯ ಗೆಳೆತನಕ್ಕೆ ಹೊಂದದಷ್ಟು ದಟ್ಟವಾಗಿದ್ದವು ಎಂಬುದು ತನಿಖೆಯ ತಿರುವು. ಅಲ್ಲಿಂದ ಎಳೆ ಹಿಡಿದು ಹೋದರೆ ಉಳಿದ ಇಬ್ಬರ ಸಂಪರ್ಕ. 2004ರ ಜನವರಿ ಕೊನೆಯ ಭಾಗದಲ್ಲಿ ನಾಲ್ವರ ಬಂಧನವಾಯಿತು. ಬೆಂಗಳೂರಿನಲ್ಲಿ ಮೊಬೈಲ್ ದಾಖಲೆಯೇ ಬೆನ್ನೆಲುಬಾದ ದೊಡ್ಡ ಕೊಲೆ ಮೊಕದ್ದಮೆಗಳಲ್ಲಿ ಇದು ಆರಂಭದ ಸಾಲಿನದು. ಇಂದು ಯಾವುದೇ ಠಾಣೆಯಲ್ಲಿ ಮೊದಲ ದಿನವೇ ಸಿಡಿಆರ್‌ಗೆ ಪತ್ರ ಹೋಗುತ್ತದೆ. ಆಗ ಹಾಗಿರಲಿಲ್ಲ.

ಭಾರತೀಯ ದಂಡ ಸಂಹಿತೆಯ ಕಲಂ 302ರ ಅಡಿ ಕೊಲೆ, 120ಬಿ ಅಡಿ ಅಪರಾಧಿಕ ಒಳಸಂಚು, ಶುಭಾ ಮೇಲೆ ಹೆಚ್ಚುವರಿಯಾಗಿ 201ರ ಅಡಿ ಸಾಕ್ಷ್ಯನಾಶ ಎಂದು ಆರೋಪಗಳು ನಿಂತವು. ಒಳಸಂಚಿಗೆ ಪ್ರತ್ಯಕ್ಷ ಸಾಕ್ಷಿ ಸಿಗುವುದು ಅಪರೂಪ, ಸಂಚು ಹೂಡುವವರು ಸಾಕ್ಷಿಗಳನ್ನು ಕರೆದು ಕೂರಿಸಿಕೊಂಡು ಹೂಡುವುದಿಲ್ಲ. ಆದ್ದರಿಂದ ಸಂದರ್ಭಗಳನ್ನು ಜೋಡಿಸಿ ಊಹಿಸಬೇಕಾಗುತ್ತದೆ. ಆ ಊಹೆ ದಾರಿ ತಪ್ಪದಂತೆ ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಬಿರಧಿಚಂದ್ ಸಾರ್ದಾ ಪ್ರಕರಣದಲ್ಲಿ ಐದು ಸೂತ್ರಗಳನ್ನು ಹಾಕಿಕೊಟ್ಟಿತ್ತು. ಅವುಗಳ ಸಾರವಿಷ್ಟು: ಪ್ರತಿಯೊಂದು ಸಂದರ್ಭವೂ ತಾನಾಗಿ ಸಾಬೀತಾಗಬೇಕು, ಎಲ್ಲವೂ ಸೇರಿ ಆರೋಪಿಯ ಅಪರಾಧವೊಂದನ್ನೇ ತೋರಬೇಕು, ನಿರಪರಾಧಿಯಿರಬಹುದು ಎಂಬ ಸಮಂಜಸವಾದ ಯಾವ ಊಹೆಗೂ ಜಾಗ ಉಳಿಯಬಾರದು.

ಆರೋಪಿಗಳ ಪರ ವಾದಕ್ಕೆ ಇಲ್ಲೇ ನೆಲೆ ಸಿಕ್ಕಿತು. ಒಂದೇ ಕಾಲೇಜಿನ ಇಬ್ಬರು ಮಾತಾಡುವುದು ಸಹಜ. ಗೆಳೆಯನಿಗೆ ಬೇರೆ ಗೆಳೆಯರಿರುವುದೂ ಸಹಜ. ಕರೆಯಲ್ಲಿ ಏನು ಮಾತಾಡಿದರೆಂದು ಯಾರಿಗೂ ಗೊತ್ತಿಲ್ಲದಿರುವಾಗ ಕರೆಗಳ ಸಂಖ್ಯೆಯನ್ನೇ ಸಂಚಿನ ಪುರಾವೆ ಮಾಡುವುದು ಹೇಗೆ? ಇದು ತಳ್ಳಿಹಾಕುವ ವಾದವಲ್ಲ. ಕರೆ ವಿವರ ಒಂದನ್ನೇ ಇಟ್ಟುಕೊಂಡರೆ ದಕ್ಷಿಣ ಬೆಂಗಳೂರಿನ ಅರ್ಧ ಕಾಲೇಜು ಜೋಡಿಗಳು ಕಟಕಟೆಯಲ್ಲಿ ನಿಲ್ಲಬೇಕಾದೀತು. ಪ್ರಾಸಿಕ್ಯೂಷನ್ ಗೆದ್ದದ್ದು ಕರೆಗಳ ಸಂಖ್ಯೆಯಿಂದಲ್ಲ, ಆ ಕರೆಗಳು ಉಳಿದ ಸಂಗತಿಗಳ ಜೊತೆ ಕೂಡಿಕೊಂಡ ಬಗೆಯಿಂದ. ಬೇಡದ ಮದುವೆ, ಮೂರೇ ದಿನ ಹಳೆಯ ನಿಶ್ಚಿತಾರ್ಥ, ಗಾಡಿ ನಿಂತ ಜಾಗ, ಕಾದಿದ್ದ ಹಲ್ಲೆಕೋರ, ಆ ಹೊತ್ತಿನ ಕರೆಗಳು, ಬಳಿಕ ವಶಪಡಿಸಿಕೊಂಡ ವಸ್ತುಗಳು, ಘಟನೆಯ ನಂತರದ ನಡವಳಿಕೆ ಇವನ್ನು ಒಂದರ ಪಕ್ಕ ಒಂದು ಇಟ್ಟಾಗ ಗೆಳೆತನವೆಂಬ ವಿವರಣೆ ಸಾಲದಾಯಿತು.

ಗೆಳೆಯರ ಗುಂಪೊಂದು ಕೊಲೆಗೆ ಇಳಿದ ಪ್ರಕರಣಗಳಲ್ಲಿ ಭಾರತದಲ್ಲಿ ಅತಿ ಕುಖ್ಯಾತವಾದದ್ದು ಪುಣೆಯ ಜೋಶಿ-ಅಭ್ಯಂಕರ್ ಸರಣಿ ಕೊಲೆ. ಹೋಲಿಕೆಗೆ ಅದನ್ನು ನೋಡಬಹುದು. ಟಿಳಕ್ ರಸ್ತೆಯ ಅಭಿನವ ಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳಾದ ರಾಜೇಂದ್ರ ಜಕ್ಕಲ್, ದಿಲೀಪ್ ಸುತಾರ್, ಶಾಂತಾರಾಮ ಜಗತಾಪ್, ಮುನವ್ವರ್ ಶಾಹ್ 1976ರ ಜನವರಿಯಲ್ಲಿ ತಮ್ಮ ಸಹಪಾಠಿ ಪ್ರಕಾಶ್ ಹೆಗ್ಡೆಯನ್ನೇ ಮೊದಲು ಕೊಂದರು. ಆತನ ತಂದೆ ಸುಂದರ ಹೆಗ್ಡೆ ಕಾಲೇಜಿನ ಹಿಂಬದಿಯಲ್ಲಿ ‘ವಿಶ್ವ’ ಎಂಬ ಹೋಟೆಲು ನಡೆಸುತ್ತಿದ್ದರು. ಗೆಳೆಯರ ಕರೆಯನ್ನು ನಂಬಿ ಹೋದ ಹುಡುಗನಿಂದ ಮನೆ ಬಿಟ್ಟು ಹೋಗುತ್ತಿದ್ದೇನೆ ಎಂದು ಅಪ್ಪನಿಗೆ ಚೀಟಿ ಬರೆಸಿ, ಪೇಶ್ವೆ ಪಾರ್ಕಿಗೆ ಕರೆದೊಯ್ದು ನೈಲಾನ್ ಹಗ್ಗದಿಂದ ಕತ್ತು ಬಿಗಿದು, ಹೆಣವನ್ನು ಕಬ್ಬಿಣದ ಪೀಪಾಯಿಯಲ್ಲಿ ಹಾಕಿ ಕೆರೆಗೆ ಉರುಳಿಸಿದರು. ಮರುದಿನ ಹಣ ಕೇಳಿ ಪತ್ರ ಹೋಯಿತು. ಆಮೇಲೆ ಜೋಶಿ ಕುಟುಂಬದ ಮೂವರು, ಸಂಸ್ಕೃತ ವಿದ್ವಾಂಸ ಕಾಶೀನಾಥ ಶಾಸ್ತ್ರಿ ಅಭ್ಯಂಕರರ ಮನೆಯ ಐವರು, ಕೊನೆಗೆ 1977ರ ಮಾರ್ಚಿನಲ್ಲಿ ಕಾಲೇಜಿನ ಇನ್ನೊಬ್ಬ ಪರಿಚಿತನ ತಮ್ಮ ಅನಿಲ್ ಗೋಖಲೆ. ಒಟ್ಟು ಹತ್ತು ಜೀವ. ಅಲ್ಲಿ ನ್ಯಾಯಾಲಯಕ್ಕೆ ದೊಡ್ಡ ಆಸರೆಯಾದದ್ದು ಹೆಗ್ಡೆ ಕೊಲೆಯಲ್ಲಿ ಜೊತೆಗಿದ್ದ ಇನ್ನೊಬ್ಬ ಸಹಪಾಠಿ ಸುಹಾಸ್ ಚಾಂಡಕ್. ಆತ ಮಾಫಿ ಸಾಕ್ಷಿಯಾಗಿ ಗುಂಪಿನ ಒಳಗಿನ ಮಾತನ್ನು ಕಟಕಟೆಯಲ್ಲಿ ಹೇಳಿದ. ನಾಲ್ವರನ್ನೂ 1983ರ ನವೆಂಬರ್ 27ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಗಿರೀಶ್‌ ಅವರಂತೆ ಪ್ರಕಾಶ್ ಹೆಗ್ಡೆಯೂ ನಂಬಿದವರ ಜೊತೆಗೇ ಹೊರಟಿದ್ದ. ಅದನ್ನು ಬಿಟ್ಟರೆ ಸಾಮ್ಯ ಕಡಿಮೆ. ಪುಣೆಯವರದು ದುಡ್ಡಿನ ಆಸೆ, ಕೊಂದಷ್ಟೂ ರೂಢಿಯಾಗುತ್ತ ಹೋದ ಕ್ರೌರ್ಯ. ಬೆಂಗಳೂರಿನದು ಒಂದೇ ಕೊಲೆ, ಮದುವೆಯೊಂದನ್ನು ತಪ್ಪಿಸಿಕೊಳ್ಳಲು. ಇಲ್ಲಿ ನಾಲ್ವರಲ್ಲಿ ಯಾರೂ ಮಾಫಿ ಸಾಕ್ಷಿಯಾಗಲಿಲ್ಲ. ಚಾಂಡಕ್ ಆಡಿದ ಮಾತಿನ ಜಾಗದಲ್ಲಿ ಇಲ್ಲಿ ಟೆಲಿಫೋನ್ ಕಂಪನಿಯ ಮುದ್ರಿತ ಹಾಳೆಗಳಿದ್ದವು.

ವಿಚಾರಣೆ ನಡೆದದ್ದು ಬೆಂಗಳೂರಿನ ತ್ವರಿತಗತಿ ನ್ಯಾಯಾಲಯದಲ್ಲಿ. ಹೆಸರು ತ್ವರಿತಗತಿಯದಾದರೂ ತೀರ್ಪು ಬರಲು ಬಂಧನದಿಂದ ಆರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 2010ರ ಜುಲೈನಲ್ಲಿ ನಾಲ್ವರಿಗೂ ಜೀವಾವಧಿ ಶಿಕ್ಷೆಯಾಯಿತು. ಹೈಕೋರ್ಟಿನಲ್ಲೂ ಅಪರಾಧ ನಿರ್ಣಯ ಉಳಿಯಿತು. 2011ರಲ್ಲಿ ಮೇಲ್ಮನವಿಗಳು ಸುಪ್ರೀಂ ಕೋರ್ಟಿನ ಕಡತ ಸೇರಿದವು. 2014ರಲ್ಲಿ ಶುಭಾಗೆ ಅಲ್ಲಿಂದ ಜಾಮೀನು ಸಿಕ್ಕಿತು. ಮರುವರ್ಷ ಪ್ರಿಯಾ ಬೆಳ್ಳಿಯಪ್ಪ ನಿರ್ದೇಶನದ ‘ರಿಂಗ್ ರೋಡ್’ ಚಿತ್ರ ತೆರೆಕಂಡಿತು. ದುನಿಯಾ ವಿಜಯ್ ಮತ್ತು ನಿಕಿತಾ ತುಕ್ರಾಲ್ ನಟಿಸಿದ್ದ ಈ ಚಿತ್ರಕ್ಕೆ ತಂತ್ರಜ್ಞರೂ ಬಹುತೇಕ ಹೆಣ್ಣುಮಕ್ಕಳೇ ಎಂಬುದು ಆಗ ಸುದ್ದಿಯಾಗಿತ್ತು. ಮೇಲ್ಮನವಿ ಇನ್ನೂ ಬಾಕಿಯಿರುವಾಗಲೇ ಕೊಲೆ ಸಿನಿಮಾ ಆಗಿ ಬಂದು ಹೋಯಿತು.

ಮೇಲ್ಮನವಿ ಕಾದು ಕೂತಿದ್ದ ವರ್ಷಗಳಲ್ಲಿ ಪ್ರಕರಣದ ಮುಖ್ಯ ಸಾಕ್ಷ್ಯದ ಕಾನೂನೇ ಮಗ್ಗುಲು ಬದಲಿಸಿತು. ವಿದ್ಯುನ್ಮಾನ ದಾಖಲೆಗಳಿಗಾಗಿ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಂ ಸೇರಿದ್ದು 2000ದಲ್ಲಿ. ದಾಖಲೆ ಯಾವ ಯಂತ್ರದಿಂದ, ಹೇಗೆ ಹೊರಬಂತೆಂದು ಜವಾಬ್ದಾರಿಯುಳ್ಳವರು ಪ್ರಮಾಣಪತ್ರ ಕೊಡಬೇಕೆಂದು ಅದು ಹೇಳುತ್ತಿತ್ತು. ಸಂಸತ್ ಭವನದ ಮೇಲಿನ ದಾಳಿ ಪ್ರಕರಣದ 2005ರ ತೀರ್ಪು ಆ ಪತ್ರವಿಲ್ಲದಿದ್ದರೂ ಬೇರೆ ದಾರಿಯಿಂದ ಕರೆ ವಿವರ ರುಜುವಾತು ಮಾಡಬಹುದೆಂದಿತು. ರಿಂಗ್ ರಸ್ತೆ ಪ್ರಕರಣದ ವಿಚಾರಣೆ ನಡೆದದ್ದು ಆ ನೆರಳಿನಲ್ಲಿ. 2014ರ ಸೆಪ್ಟೆಂಬರಿನಲ್ಲಿ ಅನ್ವರ್ ಪ್ರಕರಣದ ತೀರ್ಪು ಅದನ್ನು ತೆಗೆದುಹಾಕಿ ಪ್ರಮಾಣಪತ್ರ ಕಡ್ಡಾಯ ಎಂದಿತು, 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಖಚಿತಪಡಿಸಿತು. ಹಳೆಯ ಕಾಲದ ಕೊಲೆಯನ್ನು ಹೊಸ ಕಾಲದ ಸಾಕ್ಷ್ಯನಿಯಮದ ಎದುರು ನಿಲ್ಲಿಸುವ ಅವಕಾಶ ಹೀಗೆ ಆರೋಪಿಗಳ ಪರ ವಕೀಲರಿಗೆ ಒದಗಿತು. ಆದರೂ ಕರೆ ವಿವರಗಳು ಸಂದರ್ಭಗಳ ಸರಪಳಿಯಲ್ಲಿ ತಮ್ಮ ಸ್ಥಾನ ಉಳಿಸಿಕೊಂಡವು.

2025ರ ಜುಲೈ 14ರಂದು ನ್ಯಾಯಮೂರ್ತಿಗಳಾದ ಎಂ. ಎಂ. ಸುಂದರೇಶ್ ಮತ್ತು ಅರವಿಂದ ಕುಮಾರ್ ಅವರ ಪೀಠ ತೀರ್ಪು ಕೊಟ್ಟಿತು. ನಾಲ್ವರ ಅಪರಾಧ ಸಾಬೀತಾಗಿದೆ, ಜೀವಾವಧಿ ಶಿಕ್ಷೆ ಸರಿ ಎಂದಿತು. ಅಷ್ಟಕ್ಕೇ ನಿಲ್ಲದೆ, ಕೊಲೆಯ ಹಿಂದಿನ ಮನೆಯೊಳಗನ್ನೂ ಅದು ನೋಡಿತು. ಕುಟುಂಬದ ಬಲವಂತದ ತೀರ್ಮಾನದ ಕೆಳಗೆ ಹುಡುಗಿಯ ಧ್ವನಿ ಅಡಗಿಹೋಯಿತು, ವಯಸ್ಕಳಾಗಿದ್ದರೂ ತನ್ನ ಬದುಕಿನ ವಿಚಾರದಲ್ಲಿ ಆಕೆ ತಾನೇ ತೀರ್ಮಾನಿಸಲಾಗಲಿಲ್ಲ, ಮನೆಯವರು ಆಕೆಯ ಮನಸ್ಸನ್ನು ಅರಿತಿದ್ದರೆ ಈ ಕೃತ್ಯ ನಡೆಯುತ್ತಿರಲಿಲ್ಲ ಎಂಬುದು ಪೀಠದ ಅಭಿಪ್ರಾಯ. ಇದರಿಂದ ಕೃತ್ಯ ಕ್ಷಮ್ಯವಾಗದು ಎಂದೂ ಅದು ಸ್ಪಷ್ಟಪಡಿಸಿತು. ಬಲಿಯಾದ ಯುವಕ ನಿರ್ದೋಷಿ, ಜೊತೆಗೆ ಇನ್ನೂ ಮೂವರ ಬದುಕು ಹಾಳಾಯಿತು ಎಂದಿತು.

ತೀರ್ಪಿನ ಈ ಭಾಗವನ್ನು ಓದಿದವರೆಲ್ಲ ಒಪ್ಪಬೇಕಿಲ್ಲ. ಬಲವಂತದ ಮದುವೆಯ ಒತ್ತಡವನ್ನು ಗುರುತಿಸುವುದು ಬೇರೆ, ಅದನ್ನು ಕೊಲೆಯ ಕಾರಣವಾಗಿ ಮುಂದಿಡುವುದು ಬೇರೆ. ಗಿರೀಶ್ ಯಾರನ್ನೂ ಬಲವಂತ ಮಾಡಿದವರಲ್ಲ. ನೆರೆಮನೆಯ ಹುಡುಗಿ ಒಪ್ಪಿದ್ದಾಳೆಂದೇ ನಂಬಿದ್ದವರು. ತನಗೆ ಇಷ್ಟವಿಲ್ಲ ಎಂದು ಅವರಿಗೊಂದು ಮಾತು ಹೇಳುವುದು ಸಲಾಕೆ ಹೊಂದಿಸುವುದಕ್ಕಿಂತ ಕಷ್ಟವಾಗಿತ್ತೆಂದರೆ, ಆ ಕಷ್ಟದ ಬೇರು ಎಲ್ಲಿದೆ ಎಂಬ ಪ್ರಶ್ನೆಯನ್ನು ಪೀಠ ಎತ್ತಿದ್ದು ಮಾತ್ರ ಅಸಂಬದ್ಧವಲ್ಲ.

ಆ ಕಾಲಕ್ಕೆ ಆರೋಪಿಗಳ ವಯಸ್ಸನ್ನೂ ಪೀಠ ಪರಿಗಣಿಸಿತು. ನಾಲ್ವರಲ್ಲಿ ಇಬ್ಬರು ಹದಿಹರೆಯದವರು, ಶುಭಾ ಅದನ್ನು ಆಗಷ್ಟೇ ದಾಟಿದ್ದವಳು, ಇನ್ನೊಬ್ಬ 28ರ ಹೊಸ ಮದುವೆಗಂಡು. ಈಗ ಎಲ್ಲರೂ ನಡುವಯಸ್ಸಿನವರು, ಜೈಲಿನಲ್ಲಿ ಅವರ ನಡತೆಯ ಮೇಲೆ ದೂರಿಲ್ಲ. ಹೀಗಾಗಿ ಸಂವಿಧಾನದ 161ನೇ ವಿಧಿಯ ಅಡಿ ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ ಸಲ್ಲಿಸಲು ಎಂಟು ವಾರ ಕಾಲಾವಕಾಶ ಕೊಟ್ಟು, ಅರ್ಜಿ ಇತ್ಯರ್ಥವಾಗುವವರೆಗೆ ಬಂಧಿಸಬಾರದೆಂದು ಆದೇಶಿಸಿತು. ಅಪರಾಧವನ್ನು ಎತ್ತಿಹಿಡಿದ ನ್ಯಾಯಾಲಯವೇ ಕ್ಷಮೆಯ ಬಾಗಿಲು ತೋರಿಸುವುದು ಕೊಲೆ ಪ್ರಕರಣಗಳಲ್ಲಿ ದಿನನಿತ್ಯ ಕಾಣುವ ಕ್ರಮವಲ್ಲ. ಇದೇ ಬೆಂಗಳೂರಿನ ರಿಚ್ಮಂಡ್ ರಸ್ತೆಯ ಶಾಕಿರೆ ಖಲೀಲಿ ಕೊಲೆಯಲ್ಲಿ ಸ್ವಾಮಿ ಶ್ರದ್ಧಾನಂದನಿಗೆ 2008ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ್ದು ಶಿಕ್ಷಾ ಕಡಿತಕ್ಕೂ ಆಸ್ಪದವಿಲ್ಲದ, ಸಾಯುವತನಕದ ಸೆರೆ. ಒಂದೇ ನಗರದ ಎರಡು ಕೊಲೆಗಳಲ್ಲಿ ಜೀವಾವಧಿ ಎಂಬ ಶಿಕ್ಷೆ ಎರಡು ದಿಕ್ಕಿಗೆ ಹೋಗಿದೆ.

161ನೇ ವಿಧಿಯ ಅಧಿಕಾರ ರಾಜ್ಯಪಾಲರ ಹೆಸರಿನಲ್ಲಿದ್ದರೂ ಅದನ್ನು ಚಲಾಯಿಸಬೇಕಾದದ್ದು ಸಚಿವ ಸಂಪುಟದ ಸಲಹೆಯಂತೆ. 1980ರ ಮಾರು ರಾಮ್ ತೀರ್ಪಿನಿಂದ ಈ ಮಾತು ನೆಲೆಯೂರಿದೆ. ಕೊಲೆಗಾಗಿ ಜೀವಾವಧಿ ಶಿಕ್ಷೆಗೊಳಗಾದವರು ಕನಿಷ್ಠ 14 ವರ್ಷ ಜೈಲಿನಲ್ಲಿರಬೇಕೆಂಬ ಶಾಸನದ ನಿರ್ಬಂಧ ಸರ್ಕಾರ ಕೊಡುವ ಸಾಮಾನ್ಯ ರಿಯಾಯಿತಿಗೆ ಅನ್ವಯಿಸುತ್ತದೆ, ಸಂವಿಧಾನ ಕೊಟ್ಟ ಈ ಅಧಿಕಾರವನ್ನು ಅದು ಕಟ್ಟಿಹಾಕುವುದಿಲ್ಲ. ಅರ್ಜಿಯ ಫಲಿತಾಂಶ ಏನೇ ಆದರೂ ಅದು ಮುಟ್ಟುವುದು ಶಿಕ್ಷೆಯನ್ನು ಮಾತ್ರ. ನಾಲ್ವರು ಒಳಸಂಚು ಹೂಡಿ ಗಿರೀಶ್ ಅವರನ್ನು ಕೊಂದರು ಎಂಬ ನ್ಯಾಯಾಲಯದ ನಿರ್ಣಯ ಹಾಗೆಯೇ ಉಳಿಯುತ್ತದೆ.